ಸತ್ತವರ ಕಡತ ಯಾರ ಕೈಯಲ್ಲಿದೆ?

(ಕುವೈತಿನ ಬ್ನೇದ್ ಅಲ್ ಗಾರ್‌ನಲ್ಲಿ ಕನ್ನಡಿಗ ಗೆಳೆಯರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಸಂಜೆ ನಾನು ಮಾತನಾಡಬೇಕೆಂದಿರುವುದು ಒಂದು ಕಡತದ ಕುರಿತು. ನಮ್ಮ ಊರುಗಳ ಪೊಲೀಸ್ ಠಾಣೆಗಳಲ್ಲಿ ಅದನ್ನು ಯುಡಿಆರ್ ಎಂದು ಕರೆಯುತ್ತಾರೆ. ಅಸ್ವಾಭಾವಿಕ ಮರಣದ ವರದಿ. ಕೆರೆಯಲ್ಲಿ ತೇಲಿದ ಹೆಣ, ತೊಲೆಗೆ ನೇತುಬಿದ್ದ ಸೊಸೆ, ಕ್ರಿಮಿನಾಶಕ ಕುಡಿದ ರೈತ, ರೈಲುಹಳಿಯ ಪಕ್ಕ ಸಿಕ್ಕ ಗುರುತಿಲ್ಲದ ಮುದುಕ, ಮಲಗುಂಡಿಗೆ ಇಳಿದು ಮೇಲೆ ಬಾರದ ಕಾರ್ಮಿಕ, ಇವರೆಲ್ಲರ ಕೊನೆಯ ವಿಳಾಸ ಆ ಕಡತ. ಒಬ್ಬ ಮನುಷ್ಯ ಹೇಗೆ ಸತ್ತ ಎಂಬ ಪ್ರಶ್ನೆಗೆ ಪ್ರಭುತ್ವ ಕೊಡುವ ಮೊದಲ ಉತ್ತರ ಅಲ್ಲಿ ದಾಖಲಾಗುತ್ತದೆ. ಅನೇಕ ಬಾರಿ ಅದೇ ಕೊನೆಯ ಉತ್ತರವೂ ಆಗುತ್ತದೆ.

ಊರು ಬಿಟ್ಟು ಬಂದ ನಮಗೆ ಇದರ ಗೊಡವೆ ಏಕೆ ಎಂದು ಕೇಳಬಹುದು. ನಮ್ಮ ತಂದೆತಾಯಿ, ಅಕ್ಕತಂಗಿಯರು ಬದುಕುತ್ತಿರುವುದು ಆ ಠಾಣೆಗಳ ಸರಹದ್ದಿನಲ್ಲಿ. ಊರಿನಿಂದ ಅಪರಾತ್ರಿಯಲ್ಲಿ ಬರುವ ದೂರವಾಣಿ ಕರೆಗೆ ಬೆಚ್ಚದವರು ಈ ಸಭೆಯಲ್ಲಿ ಯಾರೂ ಇರಲಾರರು. ಕರೆ ಬಂದು, ಟಿಕೇಟು ಸಿಕ್ಕಿ, ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಇಳಿದು, ಹಳ್ಳಿ ಸೇರುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಪಂಚನಾಮೆ ಆಗಿರುತ್ತದೆ, ದಹನವೂ ಆಗಿರುತ್ತದೆ. ನಮ್ಮ ಪಾಲಿಗೆ ಉಳಿಯುವುದು ಕಾಗದ ಮಾತ್ರ. ಆದ್ದರಿಂದ ಆ ಕಾಗದವನ್ನು ಯಾರು, ಯಾರ ಎದುರು, ಹೇಗೆ ಬರೆಯುತ್ತಾರೆ ಎಂಬುದನ್ನು ದೂರದಲ್ಲಿರುವವರು ಹತ್ತಿರದಲ್ಲಿರುವವರಿಗಿಂತ ಹೆಚ್ಚು ಗಮನವಿಟ್ಟು ತಿಳಿಯಬೇಕಾಗಿದೆ.

ಇಂಗ್ಲೆಂಡಿನಲ್ಲಿ 1194ರಿಂದ ಕೊರೋನರ್ ಎಂಬ ಅಧಿಕಾರಿ ಇದ್ದಾನೆ. ಸಂಶಯಾಸ್ಪದ ಸಾವಿನ ವಿಚಾರಣೆಯನ್ನು ಬಹಿರಂಗವಾಗಿ ನಡೆಸುವುದು ಅವನ ಕೆಲಸ. ಅವನು ಪೊಲೀಸರ ಕೈಕೆಳಗಿನವನಲ್ಲ. ಸತ್ತವರ ಮನೆಯವರು ಅಲ್ಲಿ ಕುಳಿತು ಪ್ರಶ್ನೆ ಕೇಳಬಹುದು. ವಸಾಹತುಶಾಹಿ ಆಡಳಿತ ಈ ವ್ಯವಸ್ಥೆಯನ್ನು ಭಾರತಕ್ಕೂ ತಂದಿತು, ಆದರೆ ತಂದದ್ದು ತನ್ನ ದೊಡ್ಡ ಪಟ್ಟಣಗಳಿಗಷ್ಟೇ. 1871ರ ಕೊರೋನರ್ ಕಾಯ್ದೆ ಹಳ್ಳಿಯತ್ತ ಮುಖ ಮಾಡಲಿಲ್ಲ. ಮುಂಬಯಿಯಲ್ಲಿ ಕೊನೆಯವರೆಗೆ ಉಳಿದಿದ್ದ ಆ ಹುದ್ದೆಯೂ 1999ರಲ್ಲಿ ರದ್ದಾಯಿತು. ನಮ್ಮ ಹಳ್ಳಿಗಳಲ್ಲಿ ಕೊರೋನರನ ಕೆಲಸವನ್ನು ಮಾಡುತ್ತ ಬಂದಿರುವವರು ಠಾಣೆಯ ಪಿಎಸ್‌ಐ, ಎಎಸ್‌ಐ, ಎಷ್ಟೋ ಕಡೆ ಹೆಡ್ ಕಾನ್‌ಸ್ಟೆಬಲ್. ಅಂದರೆ ಅಪರಾಧ ನಡೆದಿದೆಯೇ ಎಂದು ತೀರ್ಮಾನಿಸುವವರೂ, ನಡೆದಿದ್ದರೆ ತನಿಖೆಯ ಹೊರೆ ಹೊರಬೇಕಾದವರೂ ಒಬ್ಬರೇ. ಇಲ್ಲ ಎಂದು ಬರೆದರೆ ಕೆಲಸ ಅಲ್ಲಿಗೇ ಮುಗಿಯುತ್ತದೆ. ಮನುಷ್ಯಸ್ವಭಾವ ಬಲ್ಲವರಿಗೆ ಇದರ ಫಲವನ್ನು ವಿವರಿಸಿ ಹೇಳಬೇಕಾಗಿಲ್ಲ.

ಕೊರೋನರ್ ಇದ್ದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. 1989ರಲ್ಲಿ ಇಂಗ್ಲೆಂಡಿನ ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲಿನಿಂದ 97 ಮಂದಿ ಸತ್ತ ಪ್ರಕರಣದಲ್ಲಿ ಮೊದಲ ಕೊರೋನರ್ ವಿಚಾರಣೆ ಅದನ್ನು ಆಕಸ್ಮಿಕ ಎಂದು ಮುಗಿಸಿತ್ತು. ಪೊಲೀಸರು ತಮ್ಮ ಹೇಳಿಕೆಗಳನ್ನು ತಿದ್ದಿದ್ದು ಬಹುಕಾಲದ ನಂತರ ಹೊರಬಿತ್ತು. 2012ರಲ್ಲಿ ಆ ತೀರ್ಪು ರದ್ದಾಯಿತು. 2016ರಲ್ಲಿ ಎರಡನೆಯ ವಿಚಾರಣೆಯ ಜ್ಯೂರಿ ಅವು ಕಾನೂನುಬಾಹಿರ ಸಾವುಗಳೆಂದು ಹೇಳಿತು. ಇಪ್ಪತ್ತೇಳು ವರ್ಷ ಹಿಡಿದದ್ದು ನಿಜ. ಆದರೆ ಮತ್ತೆ ತೆರೆಯಲು ಅಲ್ಲಿ ಕಡತಗಳು ಉಳಿದಿದ್ದವು, ಕೇಳುವುದನ್ನು ನಿಲ್ಲಿಸದ ಮನೆಯವರಿದ್ದರು. ಈ ಎರಡು ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ಕಡೆಗೆ ಬರೋಣ.

ನಮ್ಮ ಕಾನೂನು ಏನು ಹೇಳುತ್ತದೆ? ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 194 ಆಗಿದೆ. ಅಸ್ವಾಭಾವಿಕ ಸಾವಿನ ಸುದ್ದಿ ಬಂದೊಡನೆ ಠಾಣಾಧಿಕಾರಿ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ತಿಳಿಸಬೇಕು, ಸ್ಥಳಕ್ಕೆ ಹೋಗಬೇಕು, ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಾನ್ವಿತ ನಿವಾಸಿಗಳ ಸಮ್ಮುಖದಲ್ಲಿ ಶವವನ್ನು ನೋಡಿ, ಗಾಯಗಳನ್ನು ವಿವರಿಸಿ, ಸಾವಿನ ಮೇಲ್ನೋಟದ ಕಾರಣವನ್ನು ಬರೆಯಬೇಕು. ಈ ವರದಿ 24 ಗಂಟೆಯೊಳಗೆ ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿಗೆ ತಲುಪಬೇಕೆಂಬುದು ಹೊಸ ಸಂಹಿತೆ ಸೇರಿಸಿದ ಮಾತು.

ಓದಲು ಅಚ್ಚುಕಟ್ಟಾಗಿದೆ. ಆದರೆ ಅದರೊಳಗಿನ ಒಂದು ಪದವನ್ನು ನಮ್ಮ ಊರಿನ ಬೆಳಕಿನಲ್ಲಿ ಓದಿ: ಗೌರವಾನ್ವಿತ ನಿವಾಸಿಗಳು. ಹಳ್ಳಿಯಲ್ಲಿ ಠಾಣೆಯ ಕಣ್ಣಿಗೆ ಗೌರವಾನ್ವಿತರು ಯಾರು? ಜಮೀನಿದ್ದವರು, ಮೇಲುಕೇರಿಯವರು, ಪಂಚಾಯಿತಿಯ ಮಾಜಿ ಅಧ್ಯಕ್ಷರು, ಜೀಪಿಗೆ ಡೀಸೆಲ್ ಹಾಕಿಸಬಲ್ಲವರು. ಸತ್ತವನು ಅದೇ ಜಮೀನಿನಲ್ಲಿ ಜೀತಕ್ಕಿದ್ದವನಾಗಿದ್ದರೆ? ಸತ್ತವಳು ಬೇರೆ ಜಾತಿಯವನನ್ನು ಮೆಚ್ಚಿದ ಹುಡುಗಿಯಾಗಿದ್ದು, ಪಂಚರಾಗಿ ಸಹಿ ಹಾಕುವವರು ಅವಳ ಚಿಕ್ಕಪ್ಪ, ದೊಡ್ಡಪ್ಪಂದಿರೇ ಆಗಿದ್ದರೆ? ಕಾನೂನು ಇನ್ನೊಂದು ಮಾತನ್ನೂ ಹೇಳುತ್ತದೆ, ಅದನ್ನು ಪಂಚರಿಗೆ ಯಾರೂ ಹೇಳುವುದಿಲ್ಲ. ವರದಿಗೆ ಒಪ್ಪಿದವರಷ್ಟೇ ಸಹಿ ಹಾಕಿದರೆ ಸಾಕು, ಒಪ್ಪದವನು ಹಾಕಬೇಕಾಗಿಲ್ಲ. ನಮ್ಮ ಕಡೆ ಖಾಲಿ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು, ಬರಹವನ್ನು ಆಮೇಲೆ ಠಾಣೆಯಲ್ಲಿ ತುಂಬಿಸುವ ಪದ್ಧತಿಯನ್ನು ಅರಿಯದವರು ಕಡಿಮೆ.

ಎರಡನೆಯ ಬಿರುಕು ಮರಣೋತ್ತರ ಪರೀಕ್ಷೆಯದು. ಸಾವಿನ ಕಾರಣದ ಬಗ್ಗೆ ಸಂಶಯವಿದ್ದರೆ ಶವವನ್ನು ವೈದ್ಯರಿಗೆ ಕಳಿಸಬೇಕೆಂದು ಕಾನೂನು ಹೇಳುತ್ತದೆ. ಸಂಶಯ ಯಾರಿಗೆ ಬರಬೇಕು? ಅದೇ ಪೊಲೀಸ್ ಅಧಿಕಾರಿಗೆ. ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡಾಗ ಅಥವಾ ಅನುಮಾನಾಸ್ಪದವಾಗಿ ಸತ್ತಾಗ ಮಾತ್ರ ಇದು ಅವನ ಮರ್ಜಿಗೆ ಬಿಟ್ಟದ್ದಲ್ಲ; ತಹಶೀಲ್ದಾರ್ ದರ್ಜೆಯ ದಂಡಾಧಿಕಾರಿಯ ವಿಚಾರಣೆಯೂ ನಡೆಯಬೇಕು. ಈ ರಕ್ಷಣೆ ಬಂದದ್ದು 1980ರ ದಶಕದ ಮಹಿಳಾ ಚಳವಳಿಯ ಒತ್ತಡದಿಂದ ಎಂಬುದನ್ನು ಮರೆಯಬಾರದು. ಉಳಿದವರ ಪಾಲಿಗೆ ತಾಲ್ಲೂಕು ಆಸ್ಪತ್ರೆಯ ಶವಾಗಾರವೇ ಗತಿ. ಅಲ್ಲಿ ವಿಧಿವಿಜ್ಞಾನದಲ್ಲಿ ತರಬೇತಿ ಪಡೆದ ವೈದ್ಯರು ಅಪರೂಪ. ಹೊರರೋಗಿಗಳ ಸಾಲು ಮುಗಿಸಿ ಬಂದ ಸಾಮಾನ್ಯ ವೈದ್ಯಾಧಿಕಾರಿ, ಶವ ಕೊಯ್ಯಲು ಗುತ್ತಿಗೆಯ ನೌಕರ, ಹೊರಗೆ ಬೇಗ ಕೊಡಿ ಎಂದು ಗೋಗರೆಯುವ ಬಂಧುಗಳು. ಒಳಾಂಗಗಳ ಮಾದರಿ ಬೆಂಗಳೂರಿನ ಪ್ರಯೋಗಾಲಯಕ್ಕೋ ಪ್ರಾದೇಶಿಕ ಪ್ರಯೋಗಾಲಯಕ್ಕೋ ಹೋಗುತ್ತದೆ; ವರದಿ ಬರುವ ಹೊತ್ತಿಗೆ ಠಾಣಾಧಿಕಾರಿಗೆ ವರ್ಗವಾಗಿರುತ್ತದೆ.

ಮೊದಲ ಕೆಲವು ಗಂಟೆಗಳಲ್ಲಿ ಕೈತಪ್ಪಿದ್ದನ್ನು ಆಮೇಲೆ ಯಾವ ಸಂಸ್ಥೆಯೂ ಹಿಡಿದು ತರಲಾರದು ಎಂಬುದಕ್ಕೆ ನಮ್ಮ ನಾಡಿನಲ್ಲಿ ಎಲ್ಲರೂ ಬಲ್ಲ ನಿದರ್ಶನವಿದೆ. 2012ರ ಅಕ್ಟೋಬರ್ 9ರಂದು ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಾಲೇಜಿನಿಂದ ಮನೆಗೆ ಹೊರಟ ಹದಿನೇಳರ ವಿದ್ಯಾರ್ಥಿನಿ ಕಾಣೆಯಾದಳು. ಮರುದಿನ ಅವಳ ದೇಹ ಸಿಕ್ಕಿತು. ಅತ್ಯಾಚಾರಕ್ಕೊಳಗಾದವರ ಹೆಸರು ಹೇಳಬಾರದೆಂದು ಕಾನೂನಿದೆ, ನಾನೂ ಹೇಳುವುದಿಲ್ಲ. ಸ್ಥಳೀಯ ಪೊಲೀಸರು, ಬಳಿಕ ಸಿಐಡಿ, ಅದರ ನಂತರ ಸಿಬಿಐ, ಹೀಗೆ ಮೂರು ಕೈಗಳನ್ನು ದಾಟಿದ ಪ್ರಕರಣ 2023ರ ಜೂನ್ 16ರಂದು ಬೆಂಗಳೂರಿನ ನ್ಯಾಯಾಲಯದಲ್ಲಿ ಏಕೈಕ ಆರೋಪಿಯ ಬಿಡುಗಡೆಯೊಂದಿಗೆ ಮುಗಿಯಿತು. ತನಿಖೆಯಲ್ಲೂ ವೈದ್ಯಕೀಯ ಸಾಕ್ಷ್ಯದ ಸಂಗ್ರಹದಲ್ಲೂ ಆದ ಲೋಪಗಳನ್ನು ತೀರ್ಪು ಎತ್ತಿ ತೋರಿಸಿತು. ಇದರ ಅರ್ಥವನ್ನು ನಿಧಾನವಾಗಿ ಯೋಚಿಸಬೇಕು. ಹುಡುಗಿಗೆ ನ್ಯಾಯ ಸಿಗಲಿಲ್ಲ. ದೋಷಮುಕ್ತನಾದ ಮನುಷ್ಯನೂ ಹನ್ನೊಂದು ವರ್ಷ ಕೊಲೆಗಾರನೆಂಬ ಹೆಸರು ಹೊತ್ತು ಬದುಕಿದ. ಒಂದು ಕೆಟ್ಟ ತನಿಖೆ ಇಬ್ಬರಿಗೆ ಅನ್ಯಾಯ ಮಾಡುತ್ತದೆ.

ಅದೇ ತಾಲ್ಲೂಕು 2025ರಲ್ಲಿ ದೇಶದ ಸುದ್ದಿಯಾಯಿತು. ಧರ್ಮಸ್ಥಳದಲ್ಲಿ ಹಿಂದೆ ಸ್ವಚ್ಛತಾ ಕೆಲಸದಲ್ಲಿದ್ದ ವ್ಯಕ್ತಿಯೊಬ್ಬ, ಹಲವು ವರ್ಷಗಳ ಕಾಲ ತನ್ನಿಂದ ಅನೇಕ ಶವಗಳನ್ನು ಹೂಳಿಸಲಾಯಿತು ಎಂದು ಜುಲೈಯಲ್ಲಿ ದೂರು ಕೊಟ್ಟ. ಸರ್ಕಾರ ಜುಲೈ 19ರಂದು ಡಿಜಿಪಿ ಪ್ರಣವ್ ಮೊಹಂತಿ ಅವರ ನೇತೃತ್ವದಲ್ಲಿ ವಿಶೇಷ ತನಿಖಾ ತಂಡ ರಚಿಸಿತು. ನೇತ್ರಾವತಿಯ ದಡದಲ್ಲಿ ನೆಲ ಅಗೆಯಲಾಯಿತು. ಒಂದೆರಡು ಕಡೆ ಮೂಳೆಗಳು ಸಿಕ್ಕವು, ಹಲವು ಕಡೆ ಏನೂ ಸಿಗಲಿಲ್ಲ. ಆಗಸ್ಟ್ 23ರಂದು ಸುಳ್ಳು ಸಾಕ್ಷ್ಯದ ಆರೋಪದ ಮೇಲೆ ದೂರುದಾರನೇ ಬಂಧನಕ್ಕೊಳಗಾದ. ನಮ್ಮ ವಾಟ್ಸಾಪ್ ಗುಂಪುಗಳು ಒಡೆದು ಎರಡಾದದ್ದು ನಿಮಗೆ ಗೊತ್ತು. ಆ ದೂರು ನಿಜವೋ ಸುಳ್ಳೋ ಎಂಬ ತೀರ್ಮಾನ ನ್ಯಾಯಾಲಯದ್ದು. ಈ ವೇದಿಕೆಯಿಂದ ನಾನು ಅದನ್ನು ಕೊಡಲಾರೆ, ಕೊಡಲೂಬಾರದು.

ನಾನು ಎತ್ತುವ ಪ್ರಶ್ನೆ ಬೇರೆ. ಮಾಹಿತಿ ಹಕ್ಕಿನಡಿ ಕೇಳಿದಾಗ, 2000ದಿಂದ 2015ರವರೆಗಿನ ಅಸ್ವಾಭಾವಿಕ ಮರಣ ಪ್ರಕರಣಗಳ ದಾಖಲೆಗಳನ್ನು ಆಡಳಿತಾತ್ಮಕ ಆದೇಶದಂತೆ ನಾಶಪಡಿಸಲಾಗಿದೆ ಎಂದು ಬೆಳ್ತಂಗಡಿ ಪೊಲೀಸರು ಉತ್ತರಿಸಿದರೆಂದು ಪತ್ರಿಕೆಗಳು ವರದಿ ಮಾಡಿದವು. ಯಾತ್ರಾಸ್ಥಳವಿರುವ, ಹೊಳೆಯಿರುವ, ದಟ್ಟ ಕಾಡಿರುವ ತಾಲ್ಲೂಕಿನಲ್ಲಿ ಗುರುತಿಲ್ಲದ ಹೆಣ ಸಿಗುವುದು ಅಸಹಜವಲ್ಲ. ಅದಕ್ಕಾಗಿಯೇ ಆ ಕಡತಗಳು ಬೇಕು. ದೂರು ಸುಳ್ಳೆನ್ನುವವರು ತಮ್ಮ ಮಾತನ್ನು ಸ್ಥಾಪಿಸಲು ಆ ಕಡತಗಳನ್ನೇ ತೋರಿಸಬೇಕಾಗಿತ್ತು: ಇಂಥ ದಿನ ಇಂಥ ದೇಹ ಸಿಕ್ಕಿತು, ಇಂಥ ವೈದ್ಯರು ಪರೀಕ್ಷಿಸಿದರು, ಪಂಚಾಯಿತಿ ಇಂಥಲ್ಲಿ ಹೂಳಿತು. ದೂರು ನಿಜವೆನ್ನುವವರೂ ಅವನ್ನೇ ನಂಬಬೇಕಾಗಿತ್ತು. ಕಾಗದ ಸುಟ್ಟಾಗ ನಿರಪರಾಧಿಯ ರಕ್ಷಣೆಯೂ ಅಪರಾಧಿಯ ಸುಳಿವೂ ಒಂದೇ ಬೆಂಕಿಯಲ್ಲಿ ಹೋಗುತ್ತವೆ. ಉಳಿಯುವುದು ವದಂತಿ. ಮಗಳು ಕಾಣೆಯಾದ ತಾಯಿಗೆ ವದಂತಿಯಿಂದ ಸಮಾಧಾನವಿಲ್ಲ.

ದಾಖಲೆಯ ಮೇಲೆ ನಂಬಿಕೆ ಇಲ್ಲದ ಕಡೆ ಜನ ಏನು ಮಾಡುತ್ತಾರೆ ಎಂಬುದನ್ನು 2024ರ ಮೇ ತಿಂಗಳಲ್ಲಿ ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲಿ ನೋಡಿದೆವು. ಠಾಣೆಗೆ ಕರೆತಂದಿದ್ದ ವ್ಯಕ್ತಿಯೊಬ್ಬ ಸತ್ತ ಸುದ್ದಿ ಹರಡಿ, ಗುಂಪು ಠಾಣೆಯ ಮೇಲೆ ದಾಳಿ ಮಾಡಿತು. ಪೊಲೀಸರು ಗಾಯಗೊಂಡರು, ವಾಹನಗಳು ಜಖಂಗೊಂಡವು. ಹಿಂಸೆಯನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಪೊಲೀಸ್ ವಶದಲ್ಲಿ ಸಾವಾದರೆ ನ್ಯಾಯಿಕ ದಂಡಾಧಿಕಾರಿಯೇ ವಿಚಾರಣೆ ನಡೆಸಬೇಕು ಎಂಬ ನಿಯಮ 2006ರಿಂದ ಜಾರಿಯಲ್ಲಿದೆ. ಅಂಥ ಸಾವನ್ನು 24 ಗಂಟೆಯೊಳಗೆ ತನಗೆ ತಿಳಿಸಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1993ರಲ್ಲೇ ಸೂಚಿಸಿದೆ. ಠಾಣೆಗಳ ಒಳಹೊರಗೆ ಸಿಸಿ ಕ್ಯಾಮೆರಾ ಇರಬೇಕು, ಅದರ ದೃಶ್ಯಗಳನ್ನು ಕಾಪಾಡಬೇಕು ಎಂದು ಸುಪ್ರೀಂ ಕೋರ್ಟು 2020ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ಈ ನಿಯಮಗಳು ಊರವರಿಗೆ ತಿಳಿದಿದ್ದು, ಅವು ಪಾಲನೆಯಾಗುತ್ತವೆಂಬ ನಂಬಿಕೆ ಇದ್ದಿದ್ದರೆ, ಕಲ್ಲು ಹಿಡಿದವರಲ್ಲಿ ಹಲವರು ಅರ್ಜಿ ಹಿಡಿಯುತ್ತಿದ್ದರು.

ಸಾಕ್ಷಿಗಳನ್ನಷ್ಟೇ ನೆಚ್ಚಿದ ನ್ಯಾಯ ಹಳ್ಳಿಯಲ್ಲಿ ನಿಲ್ಲುವುದಿಲ್ಲ ಎಂಬುದಕ್ಕೆ ಕಂಬಾಲಪಲ್ಲಿಯ ನೆನಪು ಸಾಕು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಊರಿನಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ವಿಚಾರಣೆಯಲ್ಲಿ ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಸಾಕ್ಷಿ ಹೇಳಿದವನು ಮರುದಿನ ಅದೇ ಊರಿನಲ್ಲಿ, ಅದೇ ಬಾವಿಯ ನೀರು ಕುಡಿದು, ಅದೇ ಹೊಲದಲ್ಲಿ ಕೂಲಿ ಮಾಡಬೇಕು. ಅವನ ಧೈರ್ಯವನ್ನು ಪ್ರಶ್ನಿಸುವ ಹಕ್ಕು ನಮಗಿಲ್ಲ. ಅವನು ಹೇಳಲಾರದ್ದನ್ನು ಮಣ್ಣು, ರಕ್ತ, ಬೂದಿ ಹೇಳುವಂತೆ ಮಾಡಬೇಕಾದದ್ದು ಪ್ರಭುತ್ವದ ಕರ್ತವ್ಯ.

ಪೊಲೀಸರ ಪರವಾಗಿಯೂ ಒಂದು ಮಾತು ಹೇಳಬೇಕು. ಗ್ರಾಮೀಣ ಠಾಣೆಯಲ್ಲಿ ಬೆರಳೆಣಿಕೆಯ ಸಿಬ್ಬಂದಿ, ನೋಡಿಕೊಳ್ಳಬೇಕಾದ ಹಳ್ಳಿಗಳು ಹತ್ತಾರು. ಜಾತ್ರೆ, ಚುನಾವಣೆ, ಮಂತ್ರಿಗಳ ಬಂದೋಬಸ್ತ್ ಎಲ್ಲವೂ ಅವರ ತಲೆಯ ಮೇಲೆ. ಕೊಳೆತ ಅನಾಥ ಶವವನ್ನು ಎತ್ತಿ, ತಮ್ಮ ಜೇಬಿನ ಹಣದಲ್ಲಿ ಮಣ್ಣು ಮಾಡಿದ ಕಾನ್‌ಸ್ಟೆಬಲ್‌ಗಳು ನಮ್ಮ ನಾಡಿನಲ್ಲಿದ್ದಾರೆ. ಸ್ಥಳೀಯ ಶಾಸಕನ ಮಾತು ಕೇಳದ ಪಿಎಸ್‌ಐಗೆ ವರ್ಗಾವಣೆ ಕಾದಿರುತ್ತದೆ. ಇದನ್ನರಿತೇ ಸುಪ್ರೀಂ ಕೋರ್ಟು 2006ರ ಸೆಪ್ಟೆಂಬರ್ 22ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಎರಡನ್ನೂ ಕೂಡಿಸಿ ಹೇಳಿತು: ಪೊಲೀಸರಿಗೆ ರಾಜಕಾರಣದಿಂದ ರಕ್ಷಣೆ, ಜನರಿಗೆ ಪೊಲೀಸರಿಂದ ರಕ್ಷಣೆ. ಅದರಂತೆ ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ರಾಜ್ಯ ಮತ್ತು ಜಿಲ್ಲಾ ಮಟ್ಟದ ಪೊಲೀಸ್ ದೂರು ಪ್ರಾಧಿಕಾರಗಳನ್ನು ಕಲ್ಪಿಸಿತು. ನಿಮ್ಮ ಜಿಲ್ಲೆಯಲ್ಲಿ ಅದರ ಕಚೇರಿ ಎಲ್ಲಿದೆ ಎಂದು ಈ ಸಭೆಯಲ್ಲಿ ಕೇಳಿದರೆ ಎಷ್ಟು ಕೈಗಳು ಮೇಲೇಳುತ್ತವೆ? ಹಳ್ಳಿಯವರಿಗೆ ಗೊತ್ತೇ ಇಲ್ಲದ ಪ್ರಾಧಿಕಾರ ಗೋಡೆಯ ಮೇಲಿನ ಕ್ಯಾಲೆಂಡರಿಗಿಂತ ಹೆಚ್ಚೇನಲ್ಲ.

ಇನ್ನು ನಮ್ಮದೇ ಸಾವಿನ ಮಾತು. 2024ರ ಜೂನ್ 12ರ ಬೆಳಗಿನ ಜಾವ ಮಂಗಫ್‌ನಲ್ಲಿ ಕಾರ್ಮಿಕರು ತುಂಬಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಎರಡು ದಿನಗಳ ನಂತರ ವಾಯುಪಡೆಯ ವಿಮಾನದಲ್ಲಿ 45 ಭಾರತೀಯರ ದೇಹಗಳು ಹೊರಟವು. ಅವರಲ್ಲಿ ಒಬ್ಬರು ನಮ್ಮ ಕಲಬುರಗಿ ಜಿಲ್ಲೆಯವರು. ಜಗತ್ತು ನೋಡುತ್ತಿದ್ದುದರಿಂದ ಅಲ್ಲಿ ತನಿಖೆ ನಡೆಯಿತು, ಗುರುತು ಪತ್ತೆಗೆ ಡಿಎನ್‌ಎ ಪರೀಕ್ಷೆ ನಡೆಯಿತು. ಆದರೆ ಒಬ್ಬೊಬ್ಬರಾಗಿ ಸಾಯುವವರನ್ನು ಜಗತ್ತು ನೋಡುವುದಿಲ್ಲ. ನಲವತ್ತರ ಆಸುಪಾಸಿನ ಚಾಲಕ, ಮನೆಗೆಲಸದ ಹೆಣ್ಣುಮಗಳು, ಬಿಸಿಲಲ್ಲಿ ದುಡಿಯುವ ಗಾರೆಯವನು ಸತ್ತಾಗ, ಅರಬ್ಬಿ ಭಾಷೆಯ ಪ್ರಮಾಣಪತ್ರದಲ್ಲಿ ಹೃದಯ ನಿಂತಿತು ಎಂಬರ್ಥದ ಒಂದು ಸಾಲು ಬರುತ್ತದೆ. ಸತ್ತವರೆಲ್ಲರ ಹೃದಯವೂ ನಿಲ್ಲುತ್ತದೆ. ಅದು ಏಕೆ ನಿಂತಿತು ಎಂಬುದು ಪ್ರಶ್ನೆ. ಊರಿನ ಮನೆಯವರು ಆ ಕಾಗದವನ್ನು ಓದಲಾರರು, ಓದಿಸಿಕೊಂಡರೂ ಕೇಳುವುದು ಯಾರನ್ನೆಂದು ತಿಳಿಯದು.

ಇಲ್ಲಿನ ಕಾನೂನನ್ನು ನಾವು ಬರೆಯಲಾರೆವು. ಆದರೆ ಮಾಡಬಹುದಾದವು ಇವೆ. ನಮ್ಮ ನಡುವೆ ಅರಬ್ಬಿ ಬಲ್ಲವರಿದ್ದಾರೆ; ಮರಣ ಪ್ರಮಾಣಪತ್ರವನ್ನೂ ಸಿಕ್ಕಿದರೆ ವೈದ್ಯಕೀಯ ವರದಿಯನ್ನೂ ಪೂರ್ತಿಯಾಗಿ ಕನ್ನಡಕ್ಕೆ ತಂದು ಮನೆಯವರ ಕೈಗೆ ಕೊಡುವ ಕೆಲಸವನ್ನು ನಮ್ಮ ಸಂಘಗಳು ವಹಿಸಿಕೊಳ್ಳಬಹುದು. ಸಂಶಯವಿದ್ದಲ್ಲಿ ದಹನ, ದಫನಕ್ಕೆ ಮುನ್ನ ಊರಿನಲ್ಲಿ ಮರಣೋತ್ತರ ಪರೀಕ್ಷೆ ಕೇಳಬಹುದೆಂದು ಹೇಳಬಹುದು. ಹೂತ ದೇಹವನ್ನು ದಂಡಾಧಿಕಾರಿಯ ಆದೇಶದಿಂದ ಹೊರತೆಗೆಯಬಹುದು, ಸುಟ್ಟ ದೇಹವನ್ನಲ್ಲ. ವಿದೇಶದಲ್ಲಿ ಭಾರತೀಯ ನಾಗರಿಕನಿಂದ ಆದ ಅಪರಾಧದ ವಿಚಾರಣೆಯನ್ನು, ಕೇಂದ್ರದ ಅನುಮತಿಯೊಂದಿಗೆ, ಭಾರತದಲ್ಲಿ ನಡೆಸಲು ನಮ್ಮ ಸಂಹಿತೆಯಲ್ಲಿ ಅವಕಾಶವಿದೆ.

ಊರಿನ ವಿಷಯದಲ್ಲೂ ನಾವು ಬರಿಗೈಯವರಲ್ಲ. ಭಾರತದ ಪೌರತ್ವ ಉಳಿಸಿಕೊಂಡಿರುವ ಪ್ರತಿಯೊಬ್ಬರಿಗೂ ಮಾಹಿತಿ ಹಕ್ಕು ಇದೆ. ಕಡಲಾಚೆ ಬಂದೊಡನೆ ಅದು ಕಳೆದುಹೋಗುವುದಿಲ್ಲ. ಕರ್ನಾಟಕಕ್ಕೆ ಪ್ರತ್ಯೇಕ ಆನ್‌ಲೈನ್ ಮಾಹಿತಿ ಹಕ್ಕು ಜಾಲತಾಣವಿದೆ, ಶುಲ್ಕ 10 ರೂಪಾಯಿ. ನಿಮ್ಮ ತಾಲ್ಲೂಕಿನ ಠಾಣೆಗಳಲ್ಲಿ ಕಳೆದ ಐದು ವರ್ಷ ದಾಖಲಾದ ಅಸ್ವಾಭಾವಿಕ ಮರಣ ಪ್ರಕರಣಗಳು ಎಷ್ಟು, ಅವುಗಳಲ್ಲಿ ಗುರುತು ಸಿಗದ ದೇಹಗಳೆಷ್ಟು, ಎಷ್ಟಕ್ಕೆ ಮರಣೋತ್ತರ ಪರೀಕ್ಷೆ ಆಯಿತು, ಎಷ್ಟು ವರದಿಗಳು ದಂಡಾಧಿಕಾರಿಗೆ ತಲುಪಿದವು, ಕಡತಗಳನ್ನು ಎಷ್ಟು ವರ್ಷ ಇಡುತ್ತಾರೆ: ಈ ಐದು ಪ್ರಶ್ನೆ ಸಾಕು. ಯಾರ ಮೇಲೂ ಆರೋಪ ಹೊರಿಸದ, ಲೆಕ್ಕ ಮಾತ್ರ ಕೇಳುವ ಪ್ರಶ್ನೆಗಳು ಇವು. ನಮ್ಮಲ್ಲಿ ಒಬ್ಬೊಬ್ಬರು ತಮ್ಮ ತಾಲ್ಲೂಕಿನ ಬಗ್ಗೆ ಕೇಳಿದರೆ ನಾಡಿನ ನಕ್ಷೆಯೇ ಸಿದ್ಧವಾಗುತ್ತದೆ. ಊರಿನಲ್ಲಿರುವವನು ಕೇಳಿದರೆ ಸಂಜೆಯೊಳಗೆ ಅವನ ಮನೆಗೆ ಯಾರೋ ಬರುತ್ತಾರೆ. ನಮ್ಮ ಮನೆಗೆ ಬರಲಾರರು. ದೂರಕ್ಕೆ ಈ ಒಂದು ಅನುಕೂಲವಿದೆ, ಅದನ್ನು ನಾವು ಬಳಸಬೇಕು. ಊರಿನಲ್ಲಿ ಮನೆಯವರಿಗೆ ತೊಂದರೆಯಾಗಬಹುದಾದ ಕಡೆ ಒಬ್ಬರ ತಾಲ್ಲೂಕಿನ ಅರ್ಜಿಯನ್ನು ಇನ್ನೊಬ್ಬರು ಹಾಕಲಿ.

ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆಗಳೂ ಸರಳ. ಗುರುತು ಪತ್ತೆಯಾಗದ ದೇಹಗಳ ಛಾಯಾಚಿತ್ರ, ಡಿಎನ್‌ಎ ಮಾದರಿ ಮತ್ತು ಹೂತ ಸ್ಥಳದ ದಾಖಲೆಯನ್ನು ಎಂದಿಗೂ ನಾಶಮಾಡಬಾರದು. ಕಾಣೆಯಾದವರ ಪಟ್ಟಿಯೊಂದಿಗೆ ಅದನ್ನು ತಾಳೆ ನೋಡಬೇಕು. ಪಂಚನಾಮೆಯನ್ನು ವಿಡಿಯೋದಲ್ಲಿ ದಾಖಲಿಸಬೇಕು, ಅದರ ಪ್ರತಿ ಅದೇ ದಿನ ಮನೆಯವರಿಗೆ ಸಿಗಬೇಕು. ಪಂಚರಲ್ಲಿ ಸತ್ತವರ ಸಮುದಾಯದವರೊಬ್ಬರು ಇರಬೇಕು. ಪ್ರತಿ ಜಿಲ್ಲೆಯಲ್ಲಿ ಪೊಲೀಸರ ಅಧೀನದಲ್ಲಿಲ್ಲದ ವಿಧಿವಿಜ್ಞಾನ ವೈದ್ಯಾಧಿಕಾರಿ ಇರಬೇಕು. ಇವುಗಳಲ್ಲಿ ಹೆಚ್ಚಿನವಕ್ಕೆ ಹೊಸ ಕಾನೂನು ಬೇಕಿಲ್ಲ. ಒಂದು ಸುತ್ತೋಲೆ, ಒಂದಿಷ್ಟು ಹಣ, ಕೇಳುವವರಿದ್ದಾರೆಂಬ ಅಳುಕು ಸಾಕು.

ಬದುಕಿದ್ದಾಗ ಜಾತಿ, ಹಣ, ಲಿಂಗಗಳ ತಕ್ಕಡಿಯಲ್ಲಿ ಹಗುರಾಗಿ ತೂಗಿದ ಮನುಷ್ಯನನ್ನು ಸತ್ತ ಮೇಲೂ ಅದೇ ತಕ್ಕಡಿಗೆ ಹಾಕುವ ಸಮಾಜ ಪ್ರಜಾಪ್ರಭುತ್ವದ ಮಾತಾಡಲು ಅರ್ಹವಲ್ಲ. ಮುಂದಿನ ತಿಂಗಳು ನಾವು ಮತ್ತೆ ಸೇರುವಾಗ ಪ್ರತಿಯೊಬ್ಬರ ಕೈಯಲ್ಲೂ ತಾವು ಹಾಕಿದ ಅರ್ಜಿಯ ನೋಂದಣಿ ಸಂಖ್ಯೆ ಇರಲಿ ಎಂದು ಕೋರುತ್ತೇನೆ. ಚರ್ಚೆಯನ್ನು ಅಲ್ಲಿಂದ ಮುಂದುವರಿಸೋಣ.